ನಮ್ಮ ಗಂಡಸರಿಗೆ ಬಾರದ ಕಾಯಿಲೆಯ ಬಗ್ಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಪ್ರಾಸ್ಟೇಟ್ ಕ್ಯಾನ್ಸರ್ ಶ್ರೀಮಂತ ದೇಶಗಳ ಗಂಡಸರ ಕಾಯಿಲೆ, ನಮ್ಮಂಥ ಕಡೆ ಅದು ಬಲು ಕಡಿಮೆ ಎಂದು ತಾವು ಮೊನ್ನೆ ಬಸ್ ಡಿಪೋದ ಆರೋಗ್ಯ ಶಿಬಿರದಲ್ಲಿ ಅಪ್ಪಣೆ ಕೊಡಿಸಿದಿರಿ. ಹಿಂದಿನ ಸಾಲಿನಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದ ಚಾಲಕರು ನಮ್ಮ ಮನೆಯವರು. ಆ ಕಾಯಿಲೆ ಅವರ ಬೆನ್ನುಮೂಳೆಗೇ ಇಳಿದುಬಿಟ್ಟಿದೆ. ಆದರೂ ಚಪ್ಪಾಳೆ ತಟ್ಟಿದರು. ದೊಡ್ಡವರ ಮಾತಿಗೆ ತಟ್ಟದಿದ್ದರೆ ಚೆನ್ನಾಗಿರುವುದಿಲ್ಲವಲ್ಲ.

ಕಡಿಮೆ ಎಂದರೇನು ಸ್ವಾಮಿ? ಹುಡುಕಿದವರಿಗೆ ತಾನೇ ಸಿಗುವುದು? ಅಲ್ಲಿಯವರು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ಬೇಗ ಸಿಗುತ್ತದೆ, ಲೆಕ್ಕಕ್ಕೆ ಸೇರುತ್ತದೆ. ನಮ್ಮವರು ಸೊಂಟಕ್ಕೆ ಮುಲಾಮು ತಿಕ್ಕಿಸಿಕೊಂಡು, ಕೊನೆಗೆ ‘ವಯಸ್ಸಾಗಿತ್ತು’ ಎಂಬ ಕಾಯಿಲೆಯಿಂದ ಹೋಗುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತಾಯಿತು ತಮ್ಮ ಅಂಕಿಅಂಶ. ಕಾಯಿಲೆ ಬಂದವರಲ್ಲಿ ಉಳಿಯದವರ ಪಾಲು ನಮ್ಮಂಥ ದೇಶಗಳಲ್ಲೇ ಹೆಚ್ಚು, ಏಕೆಂದರೆ ಆಸ್ಪತ್ರೆಗೆ ಬರುವುದೇ ತಡ ಎಂದು ಮನೆಯವರನ್ನು ನೋಡುತ್ತಿರುವ ಡಾಕ್ಟರಮ್ಮ ಹೇಳುತ್ತಾರೆ.

ನಮ್ಮ ಮನೆಯ ಕಥೆ ಕೇಳಿ. ಡಿಪೋದಲ್ಲಿ ದೂರದ ಮಾರ್ಗ ಹಿರಿಯ ಚಾಲಕರ ಹಕ್ಕು; ಅದಕ್ಕಾಗಿ ಕಿತ್ತಾಡುವವರೂ ಇದ್ದಾರೆ. ನಮ್ಮವರು ಅದನ್ನು ಬಿಟ್ಟು, ಊರೊಳಗೇ ಸುತ್ತುವ ಲಟಾರಿ ಬಸ್ಸನ್ನು ಕೇಳಿ ಪಡೆದರು. ಊರಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾರೆ ಎಂದು ಗುಸುಗುಸು ಎದ್ದಿತು. ನನ್ನದು ಹೊಲಿಗೆ ಅಂಗಡಿ. ಅಳತೆ ಕೊಡಲು ಬಂದ ಕಂಡಕ್ಟರ್ ಹೆಂಡತಿ ಆ ಸುದ್ದಿಯನ್ನೂ ಕೊಟ್ಟು ಹೋದಳು. ನಾನು ಮುಖ ಊದಿಸಿಕೊಂಡೆ, ತಡೆಯಲಾರದೆ ಕೇಳಿಯೂಬಿಟ್ಟೆ. ಗಳಿಗೆಗೊಮ್ಮೆ ಮೂತ್ರಕ್ಕೆ ಅವಸರವಾಗುತ್ತಿತ್ತಂತೆ; ಆ ಮಾರ್ಗದ ಎರಡು ತುದಿಗೂ ಒಂದೊಂದು ಶೌಚಾಲಯವಿದೆಯಂತೆ. ಅವೇ ನನ್ನ ಸವತಿಯರು.

ಆಸ್ಪತ್ರೆಗೆ ಹೋದಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ರೇಗಿದೆ.

“ಚೀಟಿ ಕೊಡೋ ಕಿಟಕೀಲಿ ಏನು ತೊಂದರೆ ಅಂತ ಕೂಗಿ ಕೇಳ್ತಾರೆ ಕಣೆ. ಹಿಂದೆ ನಮ್ಮ ಬಸ್ಸಿನ ಜನಾನೇ ನಿಂತಿರ್ತಾರೆ. ಬೆನ್ನುನೋವು ಅಂದ್ಬಿಟ್ಟೆ.”

ಆಗ ಅದು ಸುಳ್ಳು. ಬೆನ್ನುನೋವಿನ ಮಾತ್ರೆ ನುಂಗುತ್ತಾ ಹೋದ ಹಾಗೆ ನಿಜವೇ ಆಯಿತು. ಈಗ ಇಂಜೆಕ್ಷನ್ ನಡೆಯುತ್ತಿದೆ. ಕಾಯಿಲೆಯನ್ನು ತಡೆದು ಹಿಡಿಯಬಹುದು, ಆದರೆ ಬೇರುಸಹಿತ ಕೀಳಲು ಆಗುವುದಿಲ್ಲವಂತೆ. ನನಗೆ ಅವರ ಮೇಲೂ ಕೋಪ, ಆ ಕಿಟಕಿಯ ಮೇಲೂ ಕೋಪ. ಅವರೆದುರು ಅಳಬಾರದೆಂದು ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತೇನೆ.

ಪದೇ ಪದೇ ಮೂತ್ರಕ್ಕೆ ಹೋಗುವವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ, ಅಷ್ಟು ನನಗೂ ಗೊತ್ತು. ಯಾರಿಗೆ ಹೌದು, ಯಾರಿಗೆ ಅಲ್ಲ ಎಂದು ನೋಡುವ ಏರ್ಪಾಡು ಮಾಡಲೆಂದೇ ಅಲ್ಲವೇ ತಮಗೆ ಆ ಕುರ್ಚಿ? ಪತ್ರಿಕೆಗೆ ಬರೆಯಲೇ ಎಂದು ಮನೆಯವರನ್ನು ಕೇಳಿದೆ. “ನನ್ನ ಹೆಸರು ಬೇಡ, ಕಾಯಿಲೆ ಹೆಸರು ದಪ್ಪಕ್ಷರದಲ್ಲಿ ಹಾಕ್ಸು” ಅಂದರು.

ನನ್ನ ಬೇಡಿಕೆ ಸಣ್ಣದು. ಚಾಲಕರ ಕಣ್ಣಿನ ಪರೀಕ್ಷೆ ವರ್ಷವರ್ಷವೂ ತಪ್ಪದೆ ನಡೆಯುತ್ತದೆ. ಅದೇ ದಿನ ಬಾಗಿಲು ಹಾಕಿಕೊಳ್ಳಲು ಬರುವ ಒಂದು ಕೋಣೆ ಕೊಡಿ, ಮೆಲ್ಲಗೆ ವಿಚಾರಿಸುವ ಒಬ್ಬ ಡಾಕ್ಟರನ್ನು ಕೂರಿಸಿ, ಬೇಕಾದವರಿಗೆ ರಕ್ತ ಪರೀಕ್ಷೆ ಮಾಡಿಸಿ. ನನ್ನ ಮೈದುನನೂ ಅದೇ ಡಿಪೋದ ಚಾಲಕ. ಅಣ್ಣನಿಗೆ ಬಂದಿದ್ದರೆ ತಮ್ಮನಿಗೆ ಬರುವ ಸಂಭವ ಹೆಚ್ಚಂತೆ. ಅವನ ಕಣ್ಣಿನ ಪರೀಕ್ಷೆಯ ಸರದಿ ಮುಂದಿನ ತಿಂಗಳು. ನಾಚಿಕೊಂಡು ಕೂರಬೇಡಪ್ಪಾ ಎಂದು ಅವನಿಗೆ ಬುದ್ಧಿ ಹೇಳಿದೆ.

“ಹೇಳೋಕೆ ನಾನು ತಯಾರಿದೀನಿ ಅತ್ತಿಗೆ. ಕೇಳೋಕೆ ಯಾರಾದ್ರೂ ಬರ್ತಾರಾ?” ಅಂದ.

ಉತ್ತರ ನನಗೆ ಬೇಡ, ಅವನಿಗೆ ಕೊಡಿ.

ಇಂತಿ,
ತಮ್ಮ ಲೆಕ್ಕಕ್ಕೆ ಸಿಗದ ಗಂಡಸೊಬ್ಬರ ಹೆಂಡತಿ