ನಾಲೆ ಏರಿ ಹತ್ತದ ಗಾಡಿ

ಮದ್ದೂರಿನ ಮಾವನಿಗೆ, ಪೂರಿಗಾಲಿಯಿಂದ ನಿನ್ನ ಅಕ್ಕನ ಮಗಳು ಜಯ ಬರೆಯುತ್ತಿರುವುದು.

ಆ ನಾಲ್ಕು ಚಕ್ರದ ಗಾಡಿಯನ್ನು ನೀನು ಟೆಂಪೋದಲ್ಲಿ ಹೇರಿಕೊಂಡು ಬಂದು ನಮ್ಮ ಮನೆ ಮುಂದೆ ಇಳಿಸಿದ ದಿನ ನೆನಪಿದೆಯಾ? ಹೆದ್ದಾರಿ ಪಕ್ಕ ಜನ ದುಡ್ಡು ಕೊಟ್ಟು ಇಂಥ ಗಾಡಿಯಲ್ಲಿ ಸುತ್ತು ಹೊಡೆಯುತ್ತಿದ್ದ ಆಟದ ಮೈದಾನ ಮುಚ್ಚಿತೆಂದು ಅಲ್ಲಿಂದ ತಂದಿದ್ದೆ. ಪೋಲಿಯೋ ಕಾಲಿನವಳಿಗೆ ಮಾವ ಆಟದ ಸಾಮಾನು ತಂದ ಅಂತ ನಮ್ಮಣ್ಣ ಶಿವಣ್ಣನೇ ನಕ್ಕುಬಿಟ್ಟ. ನೀನು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, "ಕಾಲಿನ್ ಕೆಲ್ಸವೇ ಇಲ್ಲ ಕಣಮ್ಮಿ ಇದ್ಕೆ. ಎಬ್ಬೆಟ್ಟಲ್ಲಿ ಒತ್ತು, ಓಯ್ತದೆ" ಅಂದೆ. ಗೇರಿಲ್ಲ, ಕ್ಲಚ್ಚಿಲ್ಲ, ಬ್ರೇಕೂ ಕೈಯಲ್ಲೇ. ಮೊಣಕಾಲ ಮೇಲೆ ಕೈ ಊರಿ ನಡೆಯುವ ನಾನು ಅವತ್ತು ಯಾರನ್ನೂ ಕರೆಯದೆ ನಾಲೆ ಏರಿ ದಾಟಿ, ಅಪ್ಪ ನನ್ನ ಪಾಲಿಗೆ ಬಿಟ್ಟ ಹಿಪ್ಪುನೇರಳೆ ತೋಟಕ್ಕೆ ಹೋದೆ. ಎಷ್ಟು ಅತ್ತಿದ್ದೆ ಅಂತ ನಿನಗೆ ಹೇಳಿರಲಿಲ್ಲ.

ನೀನು ತೀರಿಹೋದಾಗ ಅವ್ವ ಅತ್ತಿದ್ದಕ್ಕಿಂತ ಬೈದಿದ್ದೇ ಹೆಚ್ಚು. ಚಿಕ್ಕವನು ಮೊದಲು ಹೋಗೋದು ಯಾವ ನ್ಯಾಯ ಅಂತ. ಆಮೇಲೆ ಒಂದು ಬೆಳೆ ರೇಷ್ಮೆ ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ ಗಾಡಿ ಸೊರಗತೊಡಗಿತು. ಸಪಾಟು ರಸ್ತೆಯಲ್ಲಿ ಹೇಗೋ ಹೋಗುತ್ತಿತ್ತು. ಸೊಪ್ಪು ಹೇರಿಕೊಂಡು ಏರಿಯ ಬುಡಕ್ಕೆ ಬಂದರೆ ಮುಗಿಯಿತು, ಗುಂಯ್ ಅಂತ ಮುಲುಗಿಕೊಂಡು ಅರ್ಧಕ್ಕೇ ನಿಲ್ಲುತ್ತಿತ್ತು. ಅದೂ ಯಾವಾಗ? ಹುಳು ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದು, ಎಷ್ಟು ಸೊಪ್ಪು ಹಾಕಿದರೂ ಸಾಲದೆ ತಿನ್ನುವ ಹೊತ್ತಿನಲ್ಲಿ.

ಮಳವಳ್ಳಿಯಿಂದ ಒಬ್ಬ ಮೆಕ್ಯಾನಿಕ್ಕು ಬಂದ. ಎರಡು ಸಲ ಸ್ಟಾರ್ಟ್ ಮಾಡಿ, ಪಿಸ್ಟನ್ ಓಡಾಡುವ ಬೋರು ಸವೆದಿದೆ, ಇದರ ಪಿಸ್ಟನ್ನು ಎಲ್ಲೂ ಸಿಗಲ್ಲ, ಗುಜರಿಗೆ ಹಾಕಿ ಅಂದು ಕಾಫಿ ಕುಡಿದು ಹೋದ. ಶಿವಣ್ಣ ಕೆಟ್ಟವನಲ್ಲ ಮಾವ, ಆದರೆ ಅವನಿಗೆ ಅಷ್ಟೇ ಸಾಕಾಯಿತು. "ಸಾಕ್ ಬುಡು ಜಯಾ. ಮರಿಸ್ವಾಮಿ ಕೇಳ್ತಾವ್ನೆ, ತೋಟನ ಗುತ್ಗೆಗೆ ಕೊಟ್ಬುಡದ. ನೀನು ಮನೇಲಿ ಆರಾಮಾಗಿರು" ಅಂದ. ಮನೆಯಲ್ಲಿ ಆರಾಮಾಗಿರುವುದು ಅಂದರೆ ಏನಂತ ಮೂವತ್ತು ವರ್ಷ ಇದ್ದು ನೋಡಿದವಳು ನಾನು. ಈ ಬೆಳೆ ಮುಗಿಯಲಿ, ಆಮೇಲೆ ಮಾತಾಡೋಣ ಅಂದೆ. ಸೊಪ್ಪು ಹೊರಲು ಪಕ್ಕದ ಮನೆ ಕೆಂಪಮ್ಮನನ್ನು ಕೂಲಿಗೆ ಕರೆದೆ. ಗಾಡಿಯನ್ನು ಕೊಟ್ಟಿಗೆ ನೆರಳಿಗೆ ತಳ್ಳಿಸಿಕೊಂಡೆ.

ನಿನ್ನ ರಿಪೇರಿ ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಿದ್ದೆಲ್ಲ ಆಗ ಒಂದೊಂದಾಗಿ ಬಂತು. ಬೆಲ್ಟು ಜಾರುತ್ತಿದೆಯಾ? ಜಾರಿದರೆ ಇಂಜಿನ್ನು ಅರಚುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ ಅಂತ ನೀನು ಹೇಳುತ್ತಿದ್ದೆ. ಇಲ್ಲಿ ಇಂಜಿನ್ನೇ ಅರಚುತ್ತಿರಲಿಲ್ಲ. ಏರ್ ಫಿಲ್ಟರ್ ತೊಳೆದು ಒಣಗಿಸಿದೆ, ಕಾರ್ಬೊರೇಟರ್ ಬಿಚ್ಚಿ ಊದಿದೆ. ಅಷ್ಟೇ, ಮೊದಲಿನಂತೆಯೇ. ಪ್ಲಗ್ ಕಳಚಿ ನೋಡಿದರೆ ಕಿಡಿ ಚೆನ್ನಾಗಿದೆ, ಆದರೆ ಮೂತಿಯೆಲ್ಲ ಎಣ್ಣೆಯಲ್ಲಿ ಒದ್ದೆ, ಮಸಿ. ಪ್ಲಗ್ಗಿನ ತೂತಿಗೆ ಹೆಬ್ಬೆಟ್ಟು ಒತ್ತಿ ಇಂಜಿನ್ ತಿರುಗಿಸಿದೆ. ಬೆರಳನ್ನು ಫಟ್ಟಂತ ಎತ್ತಿ ಎಸೆಯಿತು ಮಾವ. ಇಷ್ಟು ಜೋರಾಗಿ ನೂಕುವ ಇಂಜಿನ್ನಿನ ಬೋರು ಸವೆದಿರುವುದು ಹೇಗೆ? ಆ ಮೆಕ್ಯಾನಿಕ್ಕು ನನ್ನ ಕಾಲು ನೋಡಿ ಗಾಡಿಗೆ ಬೆಲೆ ಕಟ್ಟಿದನೋ ಏನೋ...

ನೀನು ಗಾಡಿ ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ಅಂಗೈ ಹಿಡಿಯುತ್ತಿದ್ದುದು ನೆನಪಾಯಿತು. ಏಕೆ ಅಂತ ನಾನು ಕೇಳಿರಲಿಲ್ಲ. ಮೊದಲು ಕೆಂಪಮ್ಮನ ಮಗನ ಹಳೇ ಮೊಪೆಡ್ಡಿಗೆ ಹಿಡಿದು ನೋಡಿದೆ, ಹೊಗೆ ಕೈಯನ್ನು ತಳ್ಳಿತು. ನಮ್ಮದಕ್ಕೆ ಹಿಡಿದರೆ ಉಸಿರಾಡಿದ ಹಾಗೂ ಇಲ್ಲ. ನಟ್ಟು ಬಿಚ್ಚಿ ಸೈಲೆನ್ಸರ್ ಕಳಚಿದೆ. ಹೊಗೆ ಹೊರಡುವ ಬಾಯಿಯಲ್ಲಿ ಮಸಿ ಗಟ್ಟಿಯಾಗಿ ಕೂತು, ನನ್ನ ಕಿರುಬೆರಳೂ ತೂರುವಂತಿರಲಿಲ್ಲ. ಒಳಗಿನದು ಹೊರಗೆ ಹೋಗದಿದ್ದರೆ ಹೊಸದು ಒಳಗೆ ಬರುವುದಾದರೂ ಹೇಗೆ? ಚೂರು ಒಳಗೆ ಬೀಳದ ಹಾಗೆ ಪಿಸ್ಟನ್ನನ್ನು ಬಾಯಿಗೆ ಅಡ್ಡ ನಿಲ್ಲಿಸಿ, ಗೀರು ಬೀಳದಿರಲಿ ಅಂತ ಬಿದಿರಿನ ಸೀಳಿನಲ್ಲಿ ಕೆರೆದೆ. ಸೈಲೆನ್ಸರನ್ನು ಆಲೆಮನೆಗೆ ಕಳಿಸಿ ಬೆಲ್ಲದ ಒಲೆಯಲ್ಲಿ ಕೆಂಪಗೆ ಕಾಯಿಸಿದೆವು. ಆರಿದ ಮೇಲೆ ಬಡಿದರೆ ಬುಟ್ಟಿ ತುಂಬ ಕರಿ ಉದುರಿತು. ಒಲೆ ನೋಡಿಕೊಳ್ಳುವವನು ಇವತ್ತಿನ ಬೆಲ್ಲಕ್ಕೆ ಬಣ್ಣ ಚೆನ್ನಾಗಿ ಬರುತ್ತದೆ ಅಂತ ಛೇಡಿಸಿದ.

ಅಷ್ಟು ಮಸಿ ಎಲ್ಲಿಂದ ಬಂತು ಅಂತ ಯೋಚಿಸುತ್ತ ಕೂತಾಗ ಒದ್ದೆ ಪ್ಲಗ್ ಕಣ್ಮುಂದೆ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸುವುದು ಅವ್ವನ ಕೆಲಸ, ನೀನೇ ಒಪ್ಪಿಸಿದ್ದು. ಆಯಿಲ್ ಕಮ್ಮಿಯಾದರೆ ಇಂಜಿನ್ನು ಇಡ್ಕಂಡು ಸೀಜಾಯ್ತದೆ ಕಣಕ್ಕ ಅಂತ ಹೆದರಿಸಿಯೂ ಇದ್ದೆ. ಜಾಸ್ತಿಯಾದರೆ ಏನಾಗುತ್ತದೆ ಅಂತ ಹೇಳಿದ್ದೆಯಾ? ಎಷ್ಟು ಹಾಕುತ್ತೀ ಅಂತ ಅವ್ವನನ್ನು ಕೇಳಿದೆ. ಅವ್ವ ತಲೆ ತಗ್ಗಿಸಿದಳು. "ಅವ್ನಿದ್ದಾಗ ಅವ್ನು ನೋಡ್ಕತಿದ್ದ. ಈಗ ನೋಡೋರ್ಯಾರು? ಅದ್ಕೇ ಒಸಿ ಜಾಸ್ತಿ ಉಯ್ತಿದ್ದೆ ಕಣವ್ವ." ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಕ್ಕಳ ಅನ್ನಕ್ಕೆ ತುಪ್ಪ ಸುರಿಯುವ ಕೈ, ನಿನ್ನ ಗಾಡಿಗೆ ಮಾತ್ರ ಅಳೆದು ಹಾಕುತ್ತದೆಯಾ? ಇಬ್ಬರೂ ಅತ್ತೆವು. ಆಮೇಲೆ ಕ್ಯಾನಿನ ಪೆಟ್ರೋಲನ್ನೆಲ್ಲ ಸುರಿದು, ಹೊಸದಾಗಿ ತರಿಸಿ, ಅಳತೆ ಮುಚ್ಚಳ ಅವಳ ಕೈಗೇ ಕೊಟ್ಟೆ. ಆ ಕೆಲಸ ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮಾರನೆಯ ದಿನವೇ ಗಾಡಿ ಏರಿ ಹತ್ತಿತು. ಹುಳು ಗೂಡು ಕಟ್ಟಿ, ಬೆಳೆ ಮುಗಿಯಿತು. ಶಿವಣ್ಣ ನಿಂತು ನೋಡಿದ, ಆದರೂ ಗುತ್ತಿಗೆ ಮಾತು ಇನ್ನೂ ತಲೆ ಮೇಲೆ ತೂಗುತ್ತಲೇ ಇತ್ತು. ನಿನಗೆ ಹೇಳಲೇಬೇಕೆಂದು ಬರೆಯಲು ಕೂತ ಸಮಾಚಾರ ಇಲ್ಲಿಂದ ಮುಂದಿನದು. ನಿನ್ನೆ ನಾನು ತೋಟದಲ್ಲಿ ಹೊಸ ಬೆಳೆಯ ಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದೆ. ಮರಿಸ್ವಾಮಿ ಬಿಸಿಲಲ್ಲಿ ನಡೆದು, ಏರಿ ಹತ್ತಿಳಿದು, ಏದುಸಿರು ಬಿಡುತ್ತ ಬಂದ. ಎಷ್ಟು ದಪ್ಪ ಅಂತ ನಿನಗೆ ಗೊತ್ತಲ್ಲ. ಗುತ್ತಿಗೆ ಮಾತಾಡಲು ಶಿವಣ್ಣನ ಹತ್ತಿರ ಹೋಗಿದ್ದನಂತೆ.

"ನಿಮ್ಮಣ್ಣ ನನ್ನೇನ್ ಕೇಳೀಯೆ ಅಂದ. ಅದು ಅವ್ಳ್ ಜಮೀನು, ಅವ್ಳು ಒಲದಲ್ಲವ್ಳೆ, ಅಲ್ಲಿಗೇ ಓಗ್ ಕೇಳು ಅಂದ."

ಅಣ್ಣ ಹಾಗಂದನಾ ಅಂತ ಮತ್ತೊಮ್ಮೆ ಕೇಳಿದೆ ಮಾವ. ಹೂಂ ಅಂದ. ಕೊಡಾಕಿಲ್ಲ ಕಣಣ್ಣ, ನಾನೇ ಮಾಡ್ತೀನಿ ಅಂದೆ. ಅವನು ವಾಪಸು ಆ ಏರಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟಾಗ ಪಾಪ ಅನ್ನಿಸಿತು. ಸೊಪ್ಪಿನ ಹೊರೆಯನ್ನು ಮುಂದಕ್ಕೆ ಕಟ್ಟಿ, ಹಿಂದೆ ಕೂತ್ಕೊ, ಊರಿಗೆ ಬಿಡ್ತೀನಿ ಅಂದೆ. ಕೂತ. ಹೆಬ್ಬೆಟ್ಟು ಒತ್ತಿದೆ. ಅಷ್ಟನ್ನೂ ಹೊತ್ತುಕೊಂಡು ನಿನ್ನ ಗಾಡಿ ಒಂದೇ ದಮ್ಮಿಗೆ ಏರಿ ಹತ್ತಿತು.