ಫೈನಲ್ ಮುಂದಕ್ಕೆ ಹೋಗಿದೆ

ಜನವರಿ 27, ಬೆಳಿಗ್ಗೆ
ಮತ್ತೆ ಅದೇ ವ್ಯಾಯಾಮದ ಸೈಕಲ್. ಹುಡುಗರು ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಓಡುತ್ತಾರೆ, ನಾನು ಮೂಲೆಯಲ್ಲಿ ಕೂತು ಪೆಡಲ್ ತುಳಿಯುತ್ತೇನೆ. ನವೆಂಬರಿನಲ್ಲಿ ಮಂಡಿ ಮತ್ತೆ ಹೋಯಿತು. ಡಾಕ್ಟರು ಈ ಸಲ ಸುತ್ತಿ ಬಳಸಿ ಹೇಳಲಿಲ್ಲ — ಆಟ ಮುಗಿಯಿತು. ಕಾಲೇಜಿನ ಕೊನೆ ವರ್ಷ. ಹೆಸರಿಗೆ ಫಾರ್ವರ್ಡ್, ಮಾಡುವುದು ನೀರಿನ ಬಾಟಲಿ ಹಂಚುವ ಕೆಲಸ.

ಅಮ್ಮನಿಗೆ ಹೇಳಿಲ್ಲ. ಅವಳ ಕ್ಯಾನ್ಸರ್ ಲಿವರಿಗೆ ಹಬ್ಬಿದ್ದು ಅದೇ ವಾರ. ಹೋಟೆಲಿನ ಲಾಂಡ್ರಿಯಲ್ಲಿ ಶನಿವಾರ, ಭಾನುವಾರವೂ ದುಡಿದವಳು. ನನ್ನ ಒಂದು ಆಟವನ್ನೂ ನೋಡಿಲ್ಲ. ಫೋನ್ ಮಾಡಿದಾಗಲೆಲ್ಲ "ಹೆಂಗ್ ಆಡ್ದೆ ಮಗಾ?" ಚೆನ್ನಾಗಿ ಆಡಿದೆ ಅನ್ನುತ್ತೇನೆ.

ಫೆಬ್ರವರಿ 9
ಕೋಚ್ ಬ್ರಾಂಟ್ಲಿ ಕರೆದರು. ಸೀನಿಯರ್ ನೈಟ್ ಬರುತ್ತಿದೆ. ಕೊನೆ ವರ್ಷದವರು ಅಪ್ಪ ಅಮ್ಮನ ಜೊತೆ ಕೋರ್ಟಿಗೆ ಬರುವ ಆಟ.

"ಎದುರು ಟೀಮಿನ ಕೋಚ್ ಹತ್ರ ಮಾತಾಡಿದೀನಿ. ಶುರುವಲ್ಲೇ ಬಾಲ್ ನಿನಗೆ. ಯಾರೂ ಮುಟ್ಟಲ್ಲ. ಒಂದು ಬಾಸ್ಕೆಟ್ ಹಾಕಿ ಬಂದು ಕೂತ್ಕೋ. ಆಮೇಲೆ ಅವ್ರಿಗೂ ಒಂದು ಹಾಕೋಕೆ ಬಿಡ್ತೀವಿ."

"ಭಿಕ್ಷೆನಾ, ಕೋಚ್?"

"ಮರ್ಯಾದೆ ಕಣೋ, ಪೆದ್ದ."

ಬೇಡ ಎಂದು ಎದ್ದು ಬಂದೆ.

ಫೆಬ್ರವರಿ 10
ಅಮ್ಮ ಫೋನ್ ಮಾಡಿದಳು. "ಸೀನಿಯರ್ ನೈಟಿಗೆ ಬಂದೇ ಬರ್ತೀನಿ. ಕೆಲಸ ಬಿಟ್ಟಾಯ್ತಲ್ಲ, ಇನ್ಯಾರು ತಡೀತಾರೆ?" ನಕ್ಕಳು. ಕೆಮ್ಮಿದಳು.
ಕೋಚ್‌ಗೆ ಹೂಂ ಎಂದು ಮೆಸೇಜ್ ಹಾಕಿದೆ. ನಾಚಿಕೆಯಾಗುತ್ತದೆ.

ಫೆಬ್ರವರಿ 21
ಮಂಡಿಯ ಪಟ್ಟಿ ಕಾಣದಂತೆ ಉದ್ದ ಟೈಟ್ಸ್. ಅಮ್ಮ ಚರ್ಚಿನ ವ್ಯಾನಿನಲ್ಲಿ ಬಂದಳು, ಈಸ್ಟರಿನ ಹ್ಯಾಟ್ ಹಾಕಿಕೊಂಡು. ಅವಳಿಗೆ ಕೊಟ್ಟ ಹೂಗಳನ್ನೂ ನಾನೇ ಹಿಡಿಯಬೇಕಾಯಿತು.

ಬಾಲ್ ಬಂತು. ಎಲ್ಲರೂ ಸುಮ್ಮನೆ ನಿಂತರು. ಎಸೆದೆ — ರಿಂಗಿಗೆ ಬಡಿದು ಆಚೆ ಬಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದುರು ಟೀಮಿನ ಉದ್ದನೆಯ ಹುಡುಗ ಹೆಕ್ಕಿ ಕೈಗಿಟ್ಟ. "ನಿಧಾನ ಗುರೂ. ನಮಗೇನೂ ಅರ್ಜೆಂಟಿಲ್ಲ." ಎರಡನೆಯದು ಬಾಸ್ಕೆಟ್ಟಿಗೆ ಬಿತ್ತು. ಬಂದು ಬೆಂಚಿನಲ್ಲಿ ಕೂತೆ.

ವ್ಯಾನಿನ ಹತ್ತಿರ ಅಮ್ಮ: "ಒಬ್ಬನೂ ಅಡ್ಡ ಬರ್ಲಿಲ್ಲ! ಬಾಲ್ ತಗೊಂಡವನೂ ವಾಪಸ್ ಕೊಟ್ಬಿಟ್ಟ. ನೀನಂದ್ರೆ ಅಷ್ಟು ಹೆದರಿಕೆನಾ?"

"ಹೂಂ."

"ಮತ್ತೆ ಯಾಕ್ ಕೂರ್ಸಿದ್ರು?"

"ಟೂರ್ನಮೆಂಟಿಗೆ ಉಳಿಸ್ಕೊಂಡಿದಾರೆ ಅಮ್ಮ."

ಮಾರ್ಚ್ 8, ಆಸ್ಪತ್ರೆ
ಟೂರ್ನಮೆಂಟಿನ ಮೊದಲ ಆಟದಲ್ಲೇ ಸೋತು ಟೀಮು ಮನೆಗೆ ಬಂದಿದೆ. ಅಮ್ಮ ಕಣ್ಣು ತೆರೆದಳು. "ಗೆದ್ರಾ?"

"ಗೆದ್ವಿ. ಇನ್ನು ಫೈನಲ್. ಶನಿವಾರ." ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಹಾಗಾದ್ರೆ ಶನಿವಾರದ ತನಕ ಇರ್ತೀನಿ."

ಮಾರ್ಚ್ 14, ಶನಿವಾರ
ಇದ್ದಾಳೆ. ನಾಲ್ಕು ದಿನದಿಂದ ಊಟವಿಲ್ಲ. ಡಾಕ್ಟರಿಗೇ ಆಶ್ಚರ್ಯ. ಜರ್ಸಿ ಹಾಕಿಕೊಂಡು ಹೋದೆ. ಬಾಗಿಲನ್ನೇ ನೋಡುತ್ತಿದ್ದಳು.

"ಏನಾಯ್ತು?"

"ಹಿಮ ಬೀಳ್ತಿದೆ ಅಮ್ಮ... ಫೈನಲ್ ಮುಂದಕ್ಕೆ ಹೋಗಿದೆ. ಬರೋ ಶನಿವಾರ."

"ಇನ್ನೂ ಒಂದ್ ವಾರನಾ?" ಎಂದಳು. ತುಟಿ ಕಚ್ಚಿಕೊಂಡಳು. "ಆಯ್ತು ಬಿಡು."

ನೋವಿಗೆ ಮಂಚದ ಕಂಬಿ ಹಿಡಿದಿದ್ದಾಳೆ. ಅವಳನ್ನು ಹಿಡಿದಿಟ್ಟವನು ನಾನು. ಗೆದ್ದೆವು ಅಂದರೆ ಹೋಗಿಬಿಡುತ್ತಾಳೆ. ನಾಳೆ ಹೇಳಿಬಿಡಬೇಕು, ಫೈನಲ್ ಆಯಿತು, ಗೆದ್ದೆವು ಅಂತ. ಬೆಳಿಗ್ಗೆಯೇ. ಅಥವಾ ನಾಡಿದ್ದು...