ಮುಬಜ್ಜರಾದ ಬಿಸಿನೀರು

ಏಪ್ರಿಲ್ 12, ಭಾನುವಾರ
ಉಮ್ ಸಯೀದ್‌ರ ಮೊಣಕಾಲಿಗೆ ಎಣ್ಣೆ, ಬಿಪಿ, ಮಾತ್ರೆ — ಆಯಿತು. ಅರಬರ ಈ ಮನೆಯಲ್ಲಿ ನನ್ನ ನರ್ಸಿಂಗ್ ಇಷ್ಟೇ. ಮಗ ಸಯೀದ್ ಬಂದು ಹೇಳಿದ: “ಕ್ಯಾರಲ್, ಜೂನ್ ಫಸ್ಟ್ ವೀಕ್ ಮದರ್ ಜೊತೆ ಕಾರ್ಲೊವಿ ವಾರಿ. ತ್ರೀ ಮಂತ್ಸ್. ಯುವರ್ ವೀಸಾ ಆಲ್ಸೋ.”

ಯುರೋಪಿನ ಆ ಬೆಟ್ಟದೂರು. ನಾಲ್ಕು ಬೇಸಿಗೆ ಕಳೆದಿದ್ದೇನೆ ಅಲ್ಲಿ. ಬೀದಿಬೀದಿಗೆ ಮದ್ದಿನ ಬಿಸಿನೀರಿನ ಬುಗ್ಗೆ. ಮೂತಿಯಿರುವ ಕಪ್ಪಿನಲ್ಲಿ ಹಿಡಿದು, ಹೀರುತ್ತ ಹೀರುತ್ತ ನಡೆಯಬೇಕು. ಬಾಯಿಗೆ ತುಕ್ಕಿನ ರುಚಿ. ಅವರು ಹೀರುತ್ತಾರೆ, ನಾನು ಟವೆಲ್ ಹೊರುತ್ತೇನೆ.

ಜೂನ್ ಇಪ್ಪತ್ತಕ್ಕೆ ಮಂಗಳೂರಿನಲ್ಲಿ ನತಾಶಾಳ ಮದುವೆ. ಹುಡುಗ ಹಡಗಿನವನು, ರಜೆ ಸಿಗುವುದೇ ಆಗ. ಇರುವವಳು ಒಬ್ಬಳೇ ಮಗಳು! ಮುನ್ನಾದಿನ ರೋಸ್ ಶಾಸ್ತ್ರ — ಮದುಮಗಳಿಗೆ ತೆಂಗಿನ ಹಾಲು ಮೊದಲು ಹಚ್ಚುವುದು ತಾಯಿ. ಹೇಳಬೇಕಿತ್ತು. ಆದರೆ ಬೇಸಿಗೆಯಲ್ಲಿ ರಜೆ ಕೇಳಿದ ನರ್ಸ್ ಈ ಮನೆಗೆ ವಾಪಸ್ ಬಂದದ್ದಿಲ್ಲ. “ಓಕೆ ಸರ್” ಎಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ!

ಏಪ್ರಿಲ್ 15
ಡ್ರೈವರ್ ಇಮ್ತಿಯಾಜ್ ಭಟ್ಕಳದವ. ಉಪಾಯ ಅವನದು. “ಸಿಸ್ಟರ್, ಅಲ್ ಐನ್‌ನಲ್ಲಿ ಬೆಟ್ಟದ ಬುಡದಲ್ಲೇ ಬಿಸಿನೀರು ಉಂಟಲ್ಲ, ಮುಬಜ್ಜರಾ. ಅಲ್ಲಿಗೆ ಕರ್ಕೊಂಡು ಹೋಗುವ. ಇದೇ ಸಾಕು ಅಂತ ಅವರಿಗೇ ಅನ್ನಿಸಿದ್ರೆ? ಯುರೋಪ್ ಖಲಾಸ್!”
“ಈ ಬಿಸಿಲಲ್ಲಿ ಬಿಸಿನೀರಾ ಮಾರಾಯ?”
“ನಿಮಗೆ ಮಗಳ ಮದುವೆ ಬೇಕೋ, ಎಸಿ ಬೇಕೋ?”

ಏಪ್ರಿಲ್ 18, ಸಂಜೆ
ಹೋಗಿ ಬಂದೆವು. ಹೆಂಗಸರ ಕೊಳಕ್ಕೆ ಅವರನ್ನು ತೋಳಲ್ಲಿ ಹಿಡಿದು ಇಳಿಸಿದೆ. ಮೇಲೆ ಬಿಸಿಲು, ಕೆಳಗೆ ಬಿಸಿನೀರು — ಬೆಂದುಹೋದೆ. ಉಮ್ ಸಯೀದ್ ಮಾತ್ರ ಕಣ್ಣು ಮುಚ್ಚಿ, ನನ್ನ ಹೆಗಲಿಗೆ ತಲೆಯಿಟ್ಟು, ಕೂಸಿನ ಹಾಗೆ. ಪಾಪ ಅನ್ನಿಸಿತು. ಆದರೂ ಬಿಡಲಿಲ್ಲ: “ಇದೇ ಒಳ್ಳೆಯ ನೀರು. ಅಷ್ಟು ದೂರ ಯಾಕೆ?” ತಲೆ ಆಡಿಸಿದರು.

ಮೇ 2
ಮೂರನೆಯ ಶನಿವಾರ. ಇವತ್ತು ವಾಕರ್ ಬಿಟ್ಟು ಕಾರಿನವರೆಗೆ ನಡೆದರು! ಸಯೀದ್ ತಾಯಿಯ ಹಣೆಗೆ ಮುತ್ತಿಟ್ಟ. ಆಮೇಲೆ ನನ್ನ ಕಡೆ ತಿರುಗಿ, “ಇಲ್ಲೇ ಹೀಗಾದರೆ ಅಲ್ಲಿ ಇನ್ನೆಷ್ಟು! ಸೆಪ್ಟೆಂಬರ್ ಎಂಡ್‌ವರೆಗೆ ಇರಿ” ಎಂದ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ನನ್ನ ಕತೆ. ಇಮ್ತಿಯಾಜ್ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ನಗುತ್ತಿದ್ದ. ಕೊಲ್ಲಬೇಕು ಅವನನ್ನು.

ಮೇ 3
ನತಾಶಾಳ ಫೋನ್. ರಜೆ ಇನ್ನೂ ಆಗಲಿಲ್ಲ ಎಂದೆ. “ಇಟ್ಸ್ ಓಕೆ ಮಮ್ಮಾ.” ಯಾಕೆ ಎಂದೂ ಕೇಳಲಿಲ್ಲ. ಪಕ್ಕದಲ್ಲಿ ಲೂರ್ದ್ ಮಾತು ಕೇಳಿಸುತ್ತಿತ್ತು — ನನ್ನ ನಾದಿನಿ, ನತಾಶಾಳನ್ನು ಸಾಕಿದವಳು.

ಮೇ 24
ವೀಸಾ ಬಂತು. ರಿಜೆಕ್ಟ್ ಆಗಲಿ ಎಂದು ಹರಕೆ ಹೊತ್ತಿದ್ದೆ… ಇಷ್ಟು ದಿನ ಬರೆಯಲಿಲ್ಲ. ಏನಂತ ಬರೆಯಲಿ? ಸಾಕಾಗಿದೆ. ಕಾಲು, ಸೊಂಟ, ಮನಸ್ಸು, ಎಲ್ಲ.

ಮೇ 26, ಬೆಳಿಗ್ಗೆ
ಹೇಳಿಬಿಟ್ಟೆ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಹಾಗೆ ಅಳು ಬಂತು. ನನ್ನ ಹರಕುಮುರುಕು ಅರಬ್ಬಿಯಲ್ಲಿ — ಮಗಳು, ಮದುವೆ, ಜೂನ್ ಇಪ್ಪತ್ತು. ಉಮ್ ಸಯೀದ್ ಕಾಲು ಹಿಂದಕ್ಕೆ ಎಳೆದುಕೊಂಡರು.
“ಅದಕ್ಕೇ ಅಲ್ ಐನ್‌ಗೆ ಕರೆದುಕೊಂಡು ಹೋದೆಯಾ?”
ತಲೆ ತಗ್ಗಿಸಿದೆ. ನಕ್ಕರು. ನಕ್ಕು ನಕ್ಕು ಕೆಮ್ಮಿದರು. “ಕಳ್ಳಿ! ನನಗೂ ಬೇಡ ಆ ಊರು. ಮಳೆ, ಚಳಿ, ಸಪ್ಪೆ ಊಟ. ಮಗನಿಗೆ ಬೇಜಾರಾಗುತ್ತದಲ್ಲ ಎಂದು ಹೋಗುತ್ತಿದ್ದೆ.” ನನ್ನ ಗಲ್ಲ ಹಿಡಿದರು. “ಸಯೀದ್‌ಗೆ ನಾನು ಹೇಳುತ್ತೇನೆ. ಯಲ್ಲಾ, ಹೋಗು.”

ಅದೇ ದಿನ, ಸಂಜೆ
ನತಾಶಾಳಿಗೆ ಫೋನ್ ಮಾಡಿ ಕಿರುಚಿದೆ. “ಬರ್ತೇನೆ ಮಗಾ! ರೋಸಿಗೆ ನಾನೇ ಹಾಲು ಹಚ್ಚುವುದು!”
“ಮಮ್ಮಾ… ಐ ಆಲ್ರೆಡಿ ಆಸ್ಕ್ಡ್ ಲೂರ್ದ್ ಆಂಟಿ. ಕ್ರಿಸ್‌ಮಸ್‌ಗೇ. ಯೂ ನೆವರ್ ಕಮ್, ನೋ? ಅವರು ಸೀರೆ ಸಹ ತೆಗೆದಾಯ್ತು.”

ಏನೆಂದು ಬಯ್ಯಲಿ? ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವಳು ಲೂರ್ದ್. ಜಡೆ ಹಾಕಿದವಳು ಲೂರ್ದ್. ನಾನು ಇಲ್ಲಿ ಇನ್ನೊಬ್ಬರ ತಾಯಿಯನ್ನು ನೀರಿಗೆ ಇಳಿಸುತ್ತಿದ್ದೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

“ಆಂಟಿಯೇ ಮೊದಲು ಹಚ್ಚಲಿ” ಎಂದೆ.
“ಮತ್ತೆ ನೀವು?”
“ಅವಳ ಹಿಂದೆ ನಿಲ್ತೇನೆ.”
ಅತ್ತಳು. ನಾನೂ ಅತ್ತೆ.

ನಾಳೆ ಹಮ್ದಾನ್ ಸ್ಟ್ರೀಟಿಗೆ ಹೋಗಿ ಸೀರೆ ನೋಡಬೇಕು. ಲೂರ್ದ್ ತೆಗೆದದ್ದು ಯಾವ ಬಣ್ಣ ಎಂದು ಕೇಳಲು ಮರೆತೆ. ನಾನೂ ಅದೇ ಬಣ್ಣ ಉಟ್ಟರೆ, ನೋಡಿದವರು ತಾಯಿ ಯಾರು ಎಂದು ಕೇಳಿಯಾರು.